ನರಿ

ಕೈಲ್‌ಪೊಳ್ದ್‌ಗೆ ಹದಿನೈದು ದಿನ ಇರುವಾಗ
ತಿತಿಮತಿಯ ಕಾಡು ದಾಟಿ ನಾವು ಕೊಡಗಿಗೆ ಹತ್ತುತ್ತಿದ್ದೆವು.
ತಾತನ ಬೆನ್ನಿಗೆ ಸಾಣೆಯ ಗಾಲಿ, ಅತ್ತೆಯ ತಲೆಗೆ ಪಾತ್ರೆ,
ನನ್ನ ಕಂಕುಳಲ್ಲಿ ಒಂದು ಕೋಳಿ, ಅದರ ಕಾಲಿಗೆ ಕೆಂಪು ದಾರ.

ಗೋಣಿಕೊಪ್ಪದ ಸಂತೆ ಮೂಲೆಯಲ್ಲಿ ಗಾಲಿ ಇಳಿಸಿದರೆ
ಒಡಿಕತ್ತಿ, ಪೀಚೆಕತ್ತಿ, ಮೀನಂಗಡಿಯ ಮಚ್ಚು,
ಯಾರದೋ ಅಜ್ಜನ ಬೆವರು ಕುಡಿದು ಕಪ್ಪಾದ ಹಿಡಿ,
ಎಲ್ಲ ಬಂದು ಮಲಗುತ್ತಿದ್ದವು, ಜ್ವರ ಬಂದವರ ಹಾಗೆ.

ಕಿಡಿಗಳ ನಡುವೆ ತಾತ ಎರಡು ಮಾತಾಡುತ್ತಿದ್ದ.
ಗಿರಾಕಿಗೆ ಕನ್ನಡ. ಅತ್ತೆಗೆ ಇನ್ನೊಂದು.
ಅದಕ್ಕೆ ಹೆಸರಿರಲಿಲ್ಲ.
ಹೆಸರಿಟ್ಟರೆ ಯಾರಾದರೂ ಕರೆದುಬಿಟ್ಟಾರು, ಅನ್ನುತ್ತಿದ್ದ.

ಬೆಲೆಯನ್ನು ತಲೆಕೆಳಗು ನಿಲ್ಲಿಸಿ ಲೆಬೆ.
ಚಾಕು ಪಲ್ಟಿ ಹೊಡೆದು ಕುಚಾ.
ನೀರಿಗೆ ಮರಾಠಿಯ ಪಾಣಿ, ಅನ್ನಕ್ಕೆ ತಮಿಳಿನ ಸೋರು,
ನಾಯಿಗೆ ಆಂಧ್ರದಿಂದ ಬೆನ್ನುಹತ್ತಿ ಬಂದ ಜಾಗಿಲ.
ಸಾಣೆ ಮುಗಿದ ಅಲಗಿನ ಮೇಲೆ ಬೆಳಕು ಜಾರುತ್ತದಲ್ಲ,
ಅದಕ್ಕೆ ವೆಟ್ಟಂ. ಕುಟ್ಟದ ಗಡಿಯಾಚೆ ಯಾವನೋ
ಲಾಟೀನು ಎತ್ತಿ ಹಿಡಿದಾಗ ಬಿದ್ದು ಸಿಕ್ಕಿದ್ದು.
ದುಡ್ಡಿಗೆ ಝೀಕ. ಇದು ಎಲ್ಲಿಯದೆಂದು ತುಳ್ಜಾ ಅತ್ತೆಗೂ ಗೊತ್ತಿಲ್ಲ.
'ಅದೊಂದು ನಮ್ಮದೇ ಇರಬೇಕು' ಅಂದಳು,
ಖೋಟಾ ನೋಟನ್ನು ಬಿಸಿಲಿಗೆ ಹಿಡಿದವಳಂತೆ.

ಪೊಲೀಸರಿಗೆ ನರಿ.

'ನರಿ ಬಂತು' ಅಂದರೆ ಗಾಲಿ ನಿಲ್ಲಬೇಕು,
ಝೀಕ ಕೋಳಿಯ ರೆಕ್ಕೆಯಡಿಗೆ ಹೋಗಬೇಕು,
ನಾನು ಅಳಬೇಕು. ನನ್ನ ಕೆಲಸ ಅದು.
ಅಳುತ್ತಲೇ ಒಳಗೊಳಗೆ ನಗು ನನಗೆ:
ಖಾಕಿ ಟೊಪ್ಪಿ, ಅದರಡಿ ಚೂಪು ಮೂತಿ,
ಇನ್ನೊಬ್ಬರ ಕೋಳಿ ತಿಂದು ಬಾಯೊರೆಸಿಕೊಂಡ ಮುಖ.
ನಮ್ಮ ತಾತ ಎಂಥ ಗಂಡು, ಎದುರಲ್ಲೇ ಬೈಯುತ್ತಾನೆ!

ಹತ್ತೊಂಬತ್ತು ವರ್ಷದ ಮೇಲೆ ನಾನೇ ಖಾಕಿ ಹೊಲಿಸಿದೆ.
ಮೊದಲ ದಿನ ಬೂಟು ಹಾಕಿ ಬಾಗಿಲಲ್ಲಿ ನಿಂತೆ.
ಭಿಕೋಬ ತಾತನಿಗೆ ಆಗ ಎರಡೂ ಕಣ್ಣಿಗೆ ಪೊರೆ.
ಬೂಟಿನ ಸದ್ದಿಗೆ ತಲೆಯೆತ್ತಿ ಪಿಸುಗುಟ್ಟಿದ: ನರಿ ಬಂತು.
ನಕ್ಕೆ. 'ಹೌದು ತಾತ, ನಿನ್ನದೇ ನರಿ' ಅಂದೆ.
ಅವನ ಕೈ ಹಾಸಿಗೆಯಡಿಗೆ ಏನನ್ನೋ ತಳ್ಳುತ್ತಲೇ ಇತ್ತು.
ಸತ್ತ ಮೇಲೆ ತೆಗೆದು ನೋಡಿದೆವು:
ಹತ್ತರ ನಾಲ್ಕು ನೋಟು, ನನ್ನ ಎಸೆಸೆಲ್ಸಿ ಮಾರ್ಕ್ಸ್ ಕಾರ್ಡು.

ಈ ಸಲ ಬಂದೋಬಸ್ತಿಗೆ ನನ್ನನ್ನು ಬಾಳೆಲೆಗೆ ಹಾಕಿದ್ದರು.
ಚೋಂದಮ್ಮನವರು ಕರೆದು ಕಾಫಿ ಕೊಟ್ಟರು.
ಕೋವಿಗೆ ಆಗಲೇ ತೋಕ್‌ಪೂ ಸಿಕ್ಕಿಸಿತ್ತು.
ಗೋಡೆಯ ಮೇಲೆ ಅವರ ಗಂಡನ ಅಜ್ಜ, ಕೆಂಪು ಚೇಲೆ ಬಿಗಿದು,
ಪಕ್ಕದಲ್ಲಿ ಬಿದಿರಿಗೆ ತೂಗಿದ ಸತ್ತ ಹುಲಿ.
'ಅದು ನರಿ ಮಂಗಲ. ಹುಲಿ ಹೊಡೆದವನಿಗೆ
ಮದುವೆ ಹಾಗೇ ಮಾಡ್ತಿದ್ರು.'
'ನರಿ ಅಂತೀರಲ್ಲ ಅಮ್ಮ, ಹುಲಿಗೆ?'
'ನಂಗಡ ತಕ್ಕ್‌ನಲ್ಲಿ ನರಿ ಅಂದ್ರೆ ಹುಲಿಯೇ ಮಗಳೇ.'

ಲೋಟದ ಕಾಫಿ ಕೆನೆಗಟ್ಟಿತು.

ಹಾಗಾದರೆ ಅವನು ಬೈಯುತ್ತಿರಲಿಲ್ಲ.
ಇಂಥದೇ ಯಾವುದೋ ಅಂಗಳದಲ್ಲಿ ಕತ್ತಿ ಮಸೆಯುತ್ತ
ಕೇಳಿಸಿಕೊಂಡ ಮಾತು. ಇದ್ದ ಹಾಗೇ ಎತ್ತಿಕೊಂಡಿದ್ದ.
ಬೆಲೆಯನ್ನು ಲೆಬೆ ಮಾಡಿದವನಿಗೆ
ಇದನ್ನು ತಿರುಗಿಸುವಷ್ಟು ಪುರುಸೊತ್ತು ಸಿಕ್ಕಿರಲಿಲ್ಲ.

ನಿನ್ನೆ ಸಂತೆಯಲ್ಲಿ ಸೈಕಲ್ಲಿಗೆ ಸಾಣೆ ಕಟ್ಟಿಕೊಂಡ ಹುಡುಗ.
ನನ್ನ ಲಾಠಿ ಕಂಡದ್ದೇ ತಂಗಿಯ ಕಡೆ ತಿರುಗಿ ಏನೋ ಅಂದ.
ನರಿ ಅಲ್ಲ. ಹಿಂದುಮುಂದು ಮಾಡಿ ನೋಡಿದೆ,
ಮರಾಠಿ, ತೆಲುಗು, ಕೊಡವ, ಎಲ್ಲ ಹಾಕಿ ತಿರುವಿದೆ.
ಬೀಗ ಬದಲಾಗಿತ್ತು.
ಪೆಡಲು ನಿಂತಿತು, ಕಿಡಿ ನಿಂತಿತು.
ಹುಡುಗಿ ಕಣ್ಣುಜ್ಜಿಕೊಂಡು ಅಳಲು ಶುರುಮಾಡಿದಳು,
ಚೆನ್ನಾಗಿಯೇ,
ನನಗಿಂತ ಚೆನ್ನಾಗಿ.